ಎಡೆಯ ದಿನದ ಸಂದರ್ಶನ

ನನ್ನ ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಯಿತು. ನಾನು ಮೊದಲಿನಿಂದಲೂ ಮಾತಿನವನಲ್ಲ. ಮಳವಳ್ಳಿಯಿಂದ ಮದ್ದೂರಿಗೆ, ಮದ್ದೂರಿನಿಂದ ಮಂಡ್ಯಕ್ಕೆ ಓಡುವ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ನಾನು. ದಿನವೆಲ್ಲ ಊರುಗಳ ಹೆಸರು ಕೂಗಿ, ನಿಡಘಟ್ಟದ ಮನೆಗೆ ಬಂದು ಚಪ್ಪಲಿ ಬಿಡುವ ಹೊತ್ತಿಗೆ ನನ್ನ ಪಾಲಿನ ಮಾತು ಮುಗಿದಿರುತ್ತಿತ್ತು. ಮನೆಯೊಳಗಿನ ಮಾತೆಲ್ಲ ಅವಳದು. ಅವಳು ಅಂಗನವಾಡಿ ಟೀಚರ್. ಯಾವ ಮಗು ಎಷ್ಟು ತೂಗಿತು, ಯಾವ ಮಗು ಯಾರನ್ನು ಕಚ್ಚಿತು, ಕಚ್ಚಿಸಿಕೊಂಡ ಮಗುವಿನ ತಾಯಿ ಬಂದು ಏನೆಂದಳು, ಎಲ್ಲವೂ ರಾತ್ರಿ ಊಟದ ಹೊತ್ತಿಗೆ ಬರುತ್ತಿದ್ದವು. ನಾನು 'ಹ್ಞೂಂ' ಅನ್ನುತ್ತಿದ್ದೆ. ಮಗಳು ನಗುತ್ತಿದ್ದಳು.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವಳು ತಲೆ ನೋವು ಎಂದು ಜಗಲಿಯ ಮೇಲೆ ಕುಳಿತಳು. ಸಂಜೆಯ ಹೊತ್ತಿಗೆ ಇರಲಿಲ್ಲ. ಇದಕ್ಕಿಂತ ಹೆಚ್ಚಾಗಿ ಅದನ್ನು ಬರೆಯಲು ನನಗೆ ಬರುವುದಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಈಗ ಬರೆಯಲು ಕುಳಿತದ್ದು ಅದರ ಮರುವರ್ಷ ನನ್ನ ಮಗಳು ಆಸ್ಟ್ರೇಲಿಯಾಕ್ಕೆ ಅರ್ಜಿ ಹಾಕಿದ ಕತೆಯನ್ನು. ಅದನ್ನು ಬರೆಯುವಾಗ ನನ್ನ ಹೆಂಡತಿಯೂ ನಡುನಡುವೆ ಬಂದು ಹೋಗುತ್ತಾಳೆ. ಬರಲಿ.

ಮಗಳು ಮಂಡ್ಯದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದ್ದಳು. ಆಮೇಲೆ ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಮನೆಮನೆ ಸುತ್ತಿ ಸರ್ವೆ ಮಾಡುವ ಕೆಲಸಕ್ಕೆ ಸೇರಿಕೊಂಡಳು. ಮನೆಯಲ್ಲಿ ಎಷ್ಟು ಜನ, ಯಾರು ಕೂಲಿಗೆ ಹೋಗುತ್ತಾರೆ, ನೀರು ಎಲ್ಲಿಂದ ತರುತ್ತೀರಿ, ನಿನ್ನೆ ಏನು ಊಟ ಮಾಡಿದಿರಿ, ಹೀಗೆ ಕೇಳುತ್ತಾ ಹೋಗುವುದು. ನಿನ್ನೆ ಏನು ಉಂಡಿರಿ ಎಂದು ಕೇಳಿದರೆ, "ಯಾಕವ್ವ, ಅಸ್ಕೊಂಡ್ ಬಂದಿದ್ದೀಯಾ? ಕುಂತ್ಕೊ, ಬಡಿಸ್ತೀನಿ" ಎಂದು ತಟ್ಟೆ ಹಾಕುವವರೇ ಹೆಚ್ಚಂತೆ. ಆ ಕೆಲಸಕ್ಕೆ ಸೇರಿದ ಮೇಲೆ ಮಗಳು ಸ್ವಲ್ಪ ದಪ್ಪಗಾದಳು.

ಒಂದು ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡುವಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಅಪ್ಪ, ಆಸ್ಟ್ರೇಲಿಯಾಕ್ಕೆ ಮತ್ತೆ ಅರ್ಜಿ ಹಾಕ್ತೀನಿ. ಅಭಿವೃದ್ಧಿ ಅರ್ಥಶಾಸ್ತ್ರ. ಎರಡು ವರ್ಷದ ಕೋರ್ಸು."

"ಹ್ಞೂಂ."

"ಹ್ಞೂಂ ಅಂದ್ರೆ ಹೋಗು ಅಂತಲೋ, ಬೇಡ ಅಂತಲೋ?"

"ಅಲ್ಲಿಗೆ ಟಿಕೆಟ್ ಎಷ್ಟು?"

ಅವಳು ನಕ್ಕಳು. "ಕಂಡಕ್ಟರ್ ಬುದ್ಧಿ ಬಿಡಲ್ಲ ನೀನು. ಟಿಕೆಟ್ಟು, ಫೀಸು, ಊಟ, ರೂಮು, ಎಲ್ಲಾ ಅವರೇ ಕೊಡ್ತಾರೆ. ಸ್ಕಾಲರ್‌ಶಿಪ್ ಸಿಕ್ಕಿದ್ರೆ."

"ಸಿಗ್ಲಿಲ್ಲ ಅಂದ್ರೆ?"

"ಸಿಗ್ಲಿಲ್ಲ ಅಂದ್ರೆ ಇಲ್ಲ. ನಮ್ಮ ದುಡ್ಡಲ್ಲಿ ಆಗೋ ಮಾತಲ್ಲ ಅದು."

ಮತ್ತೆ ಎಂದು ಅವಳು ಅಂದದ್ದಕ್ಕೆ ಕಾರಣವಿತ್ತು. ಹಿಂದಿನ ವರ್ಷವೇ ಅವಳು ಅರ್ಜಿ ತುಂಬಲು ಕುಳಿತಿದ್ದಳು. ಅಮ್ಮ ಪಕ್ಕದಲ್ಲಿ ಕುಳಿತು ಏನೂ ಅರ್ಥವಾಗದಿದ್ದರೂ ಪ್ರತಿ ಪ್ರಶ್ನೆಯನ್ನೂ ಓದಿಸಿ ಕೇಳುತ್ತಿದ್ದಳು. ಆ ಅರ್ಜಿ ಅರ್ಧಕ್ಕೇ ನಿಂತಿತು. ಈ ಸಲ ಹಾಗಾಗುವಂತಿರಲಿಲ್ಲ. ಸರ್ವೆ ಕೆಲಸ ಆ ವರ್ಷದ ಕೊನೆಗೆ ಮುಗಿಯುವುದಿತ್ತು. ಇನ್ನೊಂದು ಕಡೆ, ಮಳವಳ್ಳಿಯಲ್ಲಿರುವ ನನ್ನ ಅಕ್ಕ ಒಂದು ಗಂಡು ನೋಡಿಟ್ಟಿದ್ದಳು. ತಾಯಿ ಇಲ್ಲದ ಮನೆಯಲ್ಲಿ ಹೆಣ್ಣುಮಗಳನ್ನು ಹೆಚ್ಚು ದಿನ ಇಟ್ಟುಕೊಳ್ಳಬಾರದು ಎನ್ನುವುದು ಅವಳ ವಾದ. ವಾದ ಮಾಡಿ ಅವಳನ್ನು ಗೆದ್ದವರು ನಮ್ಮ ವಂಶದಲ್ಲಿ ಇಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಈ ಒಂದು ಸಲ ಅರ್ಜಿ ಹಾಕುವುದು. ಸಿಕ್ಕರೆ ಓದು, ಸಿಗದಿದ್ದರೆ ಗಂಡಿನ ಕಡೆಯವರು ಬಂದು ನೋಡುವುದು. ಮಗಳು ಸರಿ ಎಂದಳು. ಅಷ್ಟು ಬೇಗ ಸರಿ ಎಂದದ್ದು ನೋಡಿ ನನಗೆ ಹೆದರಿಕೆಯಾಯಿತು.

ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತಂತೆ. ನೀವು ಎದುರಿಸಿದ ದೊಡ್ಡ ಕಷ್ಟ ಯಾವುದು, ಅದನ್ನು ಹೇಗೆ ದಾಟಿದಿರಿ, ಬರೆಯಿರಿ ಎಂದು. ಅಕ್ಕ ಆ ದಿನ ನಮ್ಮ ಮನೆಯಲ್ಲೇ ಇದ್ದಳು.

"ಇದ್ಕೆ ಯೋಚ್ನೆ ಯಾಕವ್ವಾ? ತಾಯಿ ಇಲ್ದ ಮಗ ನಾನು ಅಂತ ಬರಿ. ಓದಿದೋರ್ಗೆ ಕರುಳು ಚುರುಕ್ ಅನ್ಬೇಕು. ಆಗ ಕೊಡ್ತಾರೆ."

"ಬರೆಯಲ್ಲ ಅತ್ತೆ."

"ಯಾಕ್ ಬರಿಯಕಿಲ್ಲ? ಸುಳ್ಳಾ ಅದು?"

"ಸುಳ್ಳಲ್ಲ. ಅದಕ್ಕೇ ಬರೆಯಲ್ಲ. ಅಮ್ಮ ಹೋಗಿದ್ದಕ್ಕೆ ಅವರು ಮಾರ್ಕ್ಸ್ ಹಾಕೋದು ಬೇಡ."

ಅಕ್ಕ ನನ್ನ ಕಡೆ ತಿರುಗಿದಳು. "ನೋಡ್ಲಾ, ನಿನ್ ಮಗಳಿಗೆ ಬುದ್ಧಿ ಯೋಳು." ನಾನು ಬೆಳಿಗ್ಗೆ ಬೇಗ ಏಳಬೇಕು ಎಂದು ಹೇಳಿ ಮಲಗಲು ಹೋದೆ. ಆದರೆ ಮಗಳ ಮಾತು ನನಗೆ ಹಿಡಿಸಿತ್ತು.

ಅವಳು ಬರೆದದ್ದು ಮೊಟ್ಟೆಯ ಬಗ್ಗೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಕೊಡುವ ಮೊಟ್ಟೆಯನ್ನು ಮನೆಗೆ ಕಳಿಸಿದರೆ ಅದು ಆ ಮಗುವಿನ ಹೊಟ್ಟೆಗೆ ಹೋಗುವುದಿಲ್ಲ. ಅಣ್ಣನಿಗೆ ಒಂದು ತುಂಡು, ಅಕ್ಕನಿಗೆ ಒಂದು ತುಂಡು, ಕೂಲಿ ಮಾಡಿ ಬಂದ ಅಪ್ಪನಿಗೆ ಒಂದು ತುಂಡು. ಯಾರೂ ಕಳ್ಳರಲ್ಲ, ಯಾರೂ ಕೆಟ್ಟವರಲ್ಲ, ಆದರೂ ಮಗುವಿಗೆ ಸಿಕ್ಕುವುದು ಸ್ವಲ್ಪವೇ. ಇಂಥದ್ದನ್ನು ಸರ್ವೆಯಲ್ಲಿ ಹಿಡಿಯಲು ತನಗೆ ಆದ ಕಷ್ಟವನ್ನು ಅವಳು ಬರೆದಳು. ಆ ಮೊಟ್ಟೆಯ ವಿಷಯ ಮೊದಲು ಅವಳ ಕಿವಿಗೆ ಬಿದ್ದದ್ದು ನಮ್ಮ ಮನೆಯ ಊಟದ ಹೊತ್ತಿನಲ್ಲಿ. ಅದನ್ನು ಮಾತ್ರ ಬರೆಯಲಿಲ್ಲ.

ಆಮೇಲೆ ಬಂದದ್ದು ಮೇಷ್ಟ್ರ ಪತ್ರದ ಪ್ರಸಂಗ. ಪಾಠ ಹೇಳಿದವರೊಬ್ಬರು ಇವಳ ಬಗ್ಗೆ ನಾಲ್ಕು ಮಾತು ನೇರವಾಗಿ ಆ ವಿಶ್ವವಿದ್ಯಾಲಯಕ್ಕೆ ಕಳಿಸಬೇಕಿತ್ತು. ಅವಳ ಅರ್ಥಶಾಸ್ತ್ರದ ಮೇಷ್ಟ್ರು ನಿವೃತ್ತರಾಗಿ ಮದ್ದೂರಿನಲ್ಲಿದ್ದರು. ಒಳ್ಳೆಯ ಮನುಷ್ಯ. ಫೋನ್ ಮಾಡಿದಾಗಲೆಲ್ಲ "ಆಗಲಮ್ಮ, ಬರೆಯೋಣ" ಎನ್ನುತ್ತಿದ್ದರು. ಮೇಲ್ ನೋಡುವ ಅಭ್ಯಾಸ ಮಾತ್ರ ಇರಲಿಲ್ಲ. ಕೊನೆಯ ದಿನ ಹತ್ತಿರ ಬಂದರೂ ಬರೆಯಲಿಲ್ಲ. ಮಗಳು ಉಗುರು ಕಚ್ಚಲು ಶುರು ಮಾಡಿದಳು.

ನನಗೆ ಒಂದು ವಿಷಯ ಗೊತ್ತಿತ್ತು. ಆ ಮೇಷ್ಟ್ರು ವಾರಕ್ಕೊಮ್ಮೆ ಮಂಡ್ಯದ ಲೈಬ್ರರಿಗೆ ನಮ್ಮ ಬಸ್ಸಿನಲ್ಲೇ ಹೋಗುತ್ತಿದ್ದರು, ಡ್ರೈವರ್ ಹಿಂದಿನ ಸೀಟೇ ಅವರಿಗೆ ಬೇಕು. ಮಗಳನ್ನು ಮದ್ದೂರು ಸ್ಟ್ಯಾಂಡಿಗೆ ಕರೆಸಿದೆ. ಮೇಷ್ಟ್ರು ಹತ್ತಿದರು. ಅವಳೂ ಹತ್ತಿದಳು. ಬಸ್ಸು ಹೊರಟ ಮೇಲೆ ಮೇಷ್ಟ್ರು ಎಲ್ಲಿಗೆ ಹೋಗುತ್ತಾರೆ?

"ಸಾರ್, ಫೋನ್ ಕೊಡಿ, ನಾನು ಮೇಲ್ ತೆಗೆದುಕೊಡ್ತೀನಿ" ಎಂದಳು. ಮೇಲ್ ಸಿಕ್ಕಿತು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದಿದರು. ಓದಿ, "ನೀನು ಹಿಂದೆ ಹೋಗಿ ಕೂತ್ಕೊ ಕಣಮ್ಮ. ಇದು ಗುಟ್ಟಾಗಿ ಬರೀಬೇಕು ಅಂತ ಹಾಕಿದ್ದಾರೆ" ಎಂದು ಹೆಗಲ ಟವೆಲನ್ನು ತೆಗೆದು ಫೋನಿಗೆ ಮರೆ ಮಾಡಿಕೊಂಡರು. ಒಂದೇ ಬೆರಳಿನಲ್ಲಿ ಒತ್ತಲು ಶುರು ಮಾಡಿದರು.

ನಾನು ಡ್ರೈವರ್ ಕಿವಿಯಲ್ಲಿ ಹೇಳಿದೆ. ಡ್ರೈವರ್ ಬಸ್ಸನ್ನು ಮೆಲ್ಲಗೆ ಬಿಟ್ಟ. ಒಂದು ಹಳ್ಳಕ್ಕೂ ಚಕ್ರ ಇಳಿಯದಂತೆ ಬಿಟ್ಟ.

"ಏನ್ಲಾ ಇದು, ಬಸ್ಸಾ ತೇರಾ?" ಎಂದು ಹಿಂದಿನಿಂದ ಒಬ್ಬರು ಕೂಗಿದರು. "ನಡ್ಕೊಂಡ್ ಓಗಿದ್ರೆ ಇಷ್ಟೊತ್ಗೆ ಮಂಡ್ಯದಲ್ಲಿ ಕಾಪಿ ಕುಡೀತಿದ್ದೆ."

"ಮೇಷ್ಟ್ರು ಲೆಟರ್ ಬರೀತಾವ್ರೆ, ಸುಮ್ಕಿರಣ್ಣ" ಎಂದ ಡ್ರೈವರ್.

ಅರ್ಧ ದಾರಿಗೆ ಮೇಷ್ಟ್ರು ತಲೆ ಎತ್ತಿದರು. ಗುಟ್ಟು ಎಂದವರು ಅವರೇ ಗಟ್ಟಿಯಾಗಿ ಕೇಳಿದರು. "ಕಂಡಕ್ಟರೇ, ನಿಮ್ಮ ಮಗಳ ದೌರ್ಬಲ್ಯ ಏನು ಅಂತ ಕೇಳ್ತಾರಲ್ರಿ. ಏನ್ ಬರೀಲಿ?"

ಇಡೀ ಬಸ್ಸಿಗೆ ಕೇಳಿಸಿತು. ನಮ್ಮ ಕಡೆಯವರಿಗೆ ಇನ್ನೊಬ್ಬರ ದೌರ್ಬಲ್ಯ ಕೇಳಿದರೆ ಸುಮ್ಮನಿರಲು ಆಗುವುದಿಲ್ಲ. ಅವಳನ್ನು ಚಿಕ್ಕಂದಿನಿಂದ ನೋಡಿದವರು ನಾಲ್ಕಾರು ಜನ ಬಸ್ಸಿನಲ್ಲಿದ್ದರು.

"ಅಟಮಾರಿ ಅಂತ ಬರೀರಿ ಸಾರ್."

"ಜೋರಾಗಿ ನಗ್ತಾಳೆ, ಅದ್ನೂ ಸೇರ್ಸಿ."

"ಅಡುಗೆ ಬರಲ್ಲ" ಎಂದೆ ನಾನು. ಅದೇಕೆ ಬಾಯಿಗೆ ಬಂತೋ. ಮಗಳು ಹಿಂದಿನ ಸೀಟಿನಿಂದ ನನ್ನನ್ನು ದುರುಗುಟ್ಟಿ ನೋಡಿದಳು.

ಮೇಷ್ಟ್ರು ಏನು ಬರೆದರೋ ನಮಗೆ ಇವತ್ತಿಗೂ ಗೊತ್ತಿಲ್ಲ. ಮಂಡ್ಯ ಸ್ಟ್ಯಾಂಡಿಗೆ ಬಸ್ಸು ತಿರುಗುವಾಗ "ಹೋಯ್ತು, ಹೋಯ್ತು" ಎಂದು ಫೋನ್ ಎತ್ತಿ ತೋರಿಸಿದರು. ಬಸ್ಸು ತಡವಾದ್ದಕ್ಕೆ ಟೈಮ್ ಕೀಪರ್ ನನಗೆ ಬೈದ. ಖುಷಿಯಾಗಿ ಬೈಸಿಕೊಂಡೆ.

ಇವಳು ಓದಲು ಹೊರಟಿರುವುದು ಏನು ಎಂಬುದು ಅವತ್ತಿನಿಂದ ಬಸ್ಸಿನಲ್ಲಿ ಚರ್ಚೆಯಾಯಿತು. ಸೊಪ್ಪು ಮಾರಲು ಬರುವ ಅಜ್ಜಿಯೊಬ್ಬಳು ಮಗಳನ್ನೇ ಹಿಡಿದು ಕೇಳಿದಳು.

"ಅದೇನವ್ವಾ ಓದಾದು ನೀನು?"

"ಬಡವರು ಯಾಕೆ ಬಡವರಾಗೇ ಇರ್ತಾರೆ ಅಂತ, ಅಜ್ಜಿ."

"ಅಯ್ಯೋ, ಅದ್ಕೆ ಅಷ್ಟ್ ದೂರ ಓಗ್ಬೇಕಾ? ನನ್ ಕೇಳಿದ್ರೆ ಯೋಳಾಕಿಲ್ವಾ?"

ಮಗಳು ತಕ್ಷಣ ಪೆನ್ನು ತೆಗೆದಳು. "ಹೇಳಿ ಅಜ್ಜಿ, ಬರ್ಕೋತೀನಿ."

ಅಜ್ಜಿ ಬಾಯಿ ತೆರೆದಳು, ಮುಚ್ಚಿದಳು, ಕಿಟಕಿಯ ಹೊರಗೆ ನೋಡಿದಳು. "ಇಂಗೆ ಗಕ್ನೆ ಕೇಳುದ್ರೆ ಎಂಗವ್ವಾ... ನೀನೇ ಓಗಿ ಓದ್ಕೊಂಡ್ ಬಾ, ಆಮೇಲ್ ನಂಗೂ ಯೋಳು" ಎಂದು ಕುಕ್ಕೆ ಎತ್ತಿಕೊಂಡು ಇಳಿದುಹೋದಳು.

ಕೆಲವು ವಾರಗಳ ಮೇಲೆ ಮೇಲ್ ಬಂತು. ಮೊದಲ ಸುತ್ತಿನಲ್ಲಿ ಇವಳ ಹೆಸರಿತ್ತು. ಕಂಪ್ಯೂಟರ್ ಮುಂದೆ ಕೂರಿಸಿ ಸಂದರ್ಶನ ಮಾಡುತ್ತಾರೆ, ಅದರಲ್ಲಿ ಗೆದ್ದರೆ ಪೂರ್ತಿ ಖರ್ಚು ಅವರದು. ಅಲ್ಲಿಯ ಸಂಜೆ ಐದಕ್ಕೆ ಸಂದರ್ಶನ, ನಮಗೆ ಹನ್ನೆರಡೂವರೆ. ಮಗಳು ಲೆಕ್ಕ ಹಾಕಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಲು ಹೋದವಳು ಹಾಗೇ ನಿಂತಳು. ಅದು ಮಾರಲಾಮಿ ಅಮಾವಾಸ್ಯೆಯ ದಿನವಾಗಿತ್ತು.

ನಮ್ಮಲ್ಲಿ ಮಾರಲಾಮಿ ಎಂದರೆ ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬ. ಅವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಬಾಳೆಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇವೆ. ಒಳಗೆ ಅವರು ಬಂದು ಊಟ ಮಾಡುತ್ತಾರೆ ಎಂದು ನಂಬಿಕೆ. ಊಟದ ಹೊತ್ತಿನಲ್ಲಿ ಯಾರೂ ಬಾಗಿಲು ತೆಗೆಯಬಾರದು, ಸದ್ದು ಮಾಡಬಾರದು. ಎಲೆ ಅಡಿಕೆ ಅಗಿದು ಮುಗಿಸುವಷ್ಟು ಹೊತ್ತು ಕಾದು, ಕೆಮ್ಮಿ, ಬಾಗಿಲು ತೆಗೆದು ಒಳಗೆ ಹೋಗುತ್ತೇವೆ. ನನ್ನ ಹೆಂಡತಿಗೆ ವರ್ಷ ತುಂಬಿತ್ತು. ಅವಳಿಗೆ ಇದು ಮೊದಲ ಎಡೆ.

ಸಾಮಾನ್ಯವಾಗಿ ಎಲ್ಲರೂ ಸಂಜೆ ಇಡುತ್ತಾರೆ. ಆದರೆ ಅಕ್ಕನಿಗೆ ಸಂಜೆ ಮಳವಳ್ಳಿಯ ಅವಳ ಮನೆಯಲ್ಲೂ ಎಡೆ ಇಡಬೇಕಿತ್ತು. ಅವಳಿಲ್ಲದೆ ಇಲ್ಲಿ ನಮಗೆ ಕ್ರಮ ಗೊತ್ತಿಲ್ಲ. ಹಾಗಾಗಿ ಬೆಳಿಗ್ಗೆಯೇ ಅಡುಗೆ ಮಾಡಿ ಹನ್ನೊಂದೂವರೆಯ ಒಳಗೆ ಎಡೆ ಇಟ್ಟುಬಿಡುವುದು, ಊಟ ಮುಗಿಸಿ ಮಗಳು ಸಂದರ್ಶನಕ್ಕೆ ಕೂರುವುದು, ಅಕ್ಕ ಬಸ್ಸು ಹತ್ತುವುದು ಎಂದು ತೀರ್ಮಾನವಾಯಿತು.

ನನ್ನ ಅತ್ತೆ, ಎಂದರೆ ಹೆಂಡತಿಯ ತಾಯಿ, ಹಿಂದಿನ ದಿನವೇ ಕೆರಗೋಡಿನಿಂದ ಬಂದಿದ್ದರು. ಅಡುಗೆಗೆ ಏನು ಮಾಡುವುದು ಎಂಬುದಕ್ಕೇ ಅಕ್ಕನಿಗೂ ಅವರಿಗೂ ಹತ್ತಿತು.

"ಮಟನ್ ಇಲ್ದೆ ಎಡೆನಾ? ಜನ ಏನಂದಾರು?" ಎಂದಳು ಅಕ್ಕ.

"ಉಣ್ಣೋಳು ನನ್ ಮಗ್ಳು, ಜನ ಅಲ್ಲ. ಅವ್ಳು ಮಟನ್ ಮುಟ್ಟಿದ್ದು ಯಾವತ್ತು ನೋಡಿದ್ದೀಯಾ ನೀನು?"

ಕೋಳಿ ಸಾರು, ಮುದ್ದೆ, ಹುರುಳಿಕಾಳಿನ ಬಸ್ಸಾರು, ಕಜ್ಜಾಯ, ಚಕ್ಕುಲಿ, ಕಡಲೆಪುರಿ ಆಯಿತು. ಮುತ್ತೈದೆಯಾಗಿ ಹೋದವಳು ಎಂದು ಹಸಿರು ಸೀರೆ, ಬಳೆ, ಹೂವು ಇಟ್ಟೆವು. ಕೊನೆಯಲ್ಲಿ ಮಗಳು ಒಂದು ಪೊಟ್ಟಣ ಕ್ರೀಮ್ ಬಿಸ್ಕತ್ತು ತಂದು ಎಲೆಯ ತುದಿಯಲ್ಲಿಟ್ಟಳು. ಅವಳ ಅಮ್ಮ ಅಂಗನವಾಡಿಯಿಂದ ಬರುವಾಗ ಅದನ್ನು ತಂದು ಅಕ್ಕಿ ಡಬ್ಬದ ಹಿಂದೆ ಬಚ್ಚಿಡುತ್ತಿದ್ದಳು. ಮನೆಯವರಿಗೆಲ್ಲ ಗೊತ್ತಿದ್ದ ಬಚ್ಚಿಡುವಿಕೆ ಅದು.

ನಮ್ಮದು ಒಂದು ನಡುಮನೆ, ಒಂದು ಅಡುಗೆಮನೆ. ಎಡೆ ಇಟ್ಟದ್ದು ನಡುಮನೆಯಲ್ಲಿ. ಎದುರು ಗೋಡೆಗೆ ಕಿಟಕಿ ಪಕ್ಕ ಲ್ಯಾಪ್‌ಟಾಪ್ ಇಟ್ಟು ಮಗಳು ಎಲ್ಲ ಸಿದ್ಧ ಮಾಡಿಕೊಂಡಿದ್ದಳು. ಎಡೆ ಎತ್ತಿದ ಮೇಲೆ ಹಿಂದಿನ ಗೋಡೆಗೆ ಒಂದು ಬೆಡ್‌ಶೀಟ್ ಕಟ್ಟುವ ಯೋಚನೆಯಿತ್ತು.

ಧೂಪ ಹಾಕಿದೆವು. ಕೈ ಮುಗಿದೆವು. ಅಕ್ಕ ಎಲ್ಲರನ್ನೂ ಜಗಲಿಗೆ ಹೊರಡಿಸಿ ಬಾಗಿಲು ಎಳೆದಳು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. ಹೆಂಡತಿಯ ತಾಯಿ ಕಂಬಕ್ಕೆ ಒರಗಿ ಕುಳಿತರು, ನಾವು ಮೂವರು ನಿಂತೆವು. ಒಳಗಿನಿಂದ ಕೋಳಿ ಸಾರಿನ ವಾಸನೆ ಬಾಗಿಲ ಸಂದಿಯಿಂದ ಬರುತ್ತಿತ್ತು. ನನಗೆ ಅವಳು ಒಳಗೆ ಇದ್ದಾಳೆ ಎಂದೇ ಅನ್ನಿಸಿತು.

ಆಗ ಮಗಳ ಕೈಯಲ್ಲಿದ್ದ ಫೋನ್ ಗುರ್ ಎಂದಿತು. ನೋಡಿದವಳ ಮುಖ ಬದಲಾಯಿತು.

"ಅಪ್ಪ, ಅವರು ಕಾಯ್ತಾ ಇದಾರಂತೆ."

"ಯಾರು?"

"ಇಂಟರ್‌ವ್ಯೂನೋರು. ಈಗಲೇ ಬಾ ಅಂತಿದಾರೆ."

"ಹನ್ನೆರಡೂವರೆಗೆ ಅಲ್ವಾ?"

ಅವಳು ಬೆರಳಲ್ಲಿ ಎಣಿಸಿ ಹಣೆ ಚಚ್ಚಿಕೊಂಡಳು. "ಅಲ್ಲಿ ಈ ಕಾಲದಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರೆ. ಹೋದ ಭಾನುವಾರ ತಿರುಗಿಸಿದಾರೆ. ನಾನು ಹಳೇ ಲೆಕ್ಕದಲ್ಲೇ ಇದ್ದೆ."

"ಗಡಿಯಾರ ತಿರುಗ್ಸೋರ ಊರ್ಗೆ ಮಗೀನ್ ಕಳಿಸ್ತಿದ್ದೀಯೇನ್ಲಾ?" ಎಂದು ಅಕ್ಕ ಪಿಸುಗುಟ್ಟಿದಳು. ಬಾಯಿ ತುಂಬ ಎಲೆ ಅಡಿಕೆ. "ಮಾತಾಡ್ಬ್ಯಾಡ್ರಿ. ಅವ್ಳು ಉಣ್ತಾವ್ಳೆ."

"ಅತ್ತೆ, ನಾನು ಒಳಗೆ ಹೋಗ್ಬೇಕು."

"ಈಗ ಬಾಗ್ಲು ತಗುದ್ರೆ ಅರ್ಧ ಊಟದಲ್ಲಿ ಎದ್ದೋಯ್ತಾಳೆ ಕಣಮ್ಮಿ. ಮೊದುಲ್ನೇ ಎಡೆ."

"ಫೋನಲ್ಲೇ ಮಾತಾಡು ಮಗ" ಎಂದೆ.

"ಇದರ ಕ್ಯಾಮೆರಾ ಹೋಗಿದೆ ಅಪ್ಪ. ಮುಖ ಕಾಣಲೇಬೇಕು ಅಂದಿದಾರೆ. ಹತ್ತು ನಿಮಿಷ ಕಾಯ್ತಾರೆ, ಆಮೇಲೆ ಬೇರೆಯವರನ್ನ ಕರೀತಾರೆ."

"ಅವ್ರ್ಗೆ ಯೋಳು, ಒಂದ್ ಗಳಿಗೆ ತಾಳಿ, ನಮ್ಮವ್ವ ಉಣ್ತಾವ್ಳೆ ಅಂತ" ಎಂದಳು ಅಕ್ಕ. ತಮಾಷೆಗಲ್ಲ, ನಿಜವಾಗಿಯೇ ಹೇಳಿದಳು.

ಮಗಳು ಬಾಗಿಲಿನ ಚಿಲಕ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು. ಆದರೆ ಕೈ ಚಾಚಲಿಲ್ಲ. ಅಮ್ಮನ ಊಟಕ್ಕೆ ಅಡ್ಡ ಹೋಗಲು ಅವಳಿಗೂ ಮನಸ್ಸಿರಲಿಲ್ಲ. ಬಸ್ಸಿನಲ್ಲಿ ಎಷ್ಟೋ ಜಗಳ ಬಿಡಿಸಿದ್ದೇನೆ. ಇದನ್ನು ಹೇಗೆ ಬಿಡಿಸುವುದು?

ಕಂಬಕ್ಕೆ ಒರಗಿ ಕುಳಿತಿದ್ದ ನನ್ನ ಅತ್ತೆ ಎದ್ದರು. ಮಗಳನ್ನು ಕಳೆದುಕೊಂಡವರು ಅವರು.

"ಬಾಗ್ಲು ತಗಿ."

"ಏನವ್ವಾ, ನೀವೇ ಇಂಗಂದ್ರೆ?" ಎಂದಳು ಅಕ್ಕ.

"ನಾವ್ ಒಳಿಕ್ಕೆ ಓದ್ರೆ ಏಳ್ತಾಳೆ ಸರಿ. ಮಗ್ಳು ಓದ್ರೆ ಯಾಕ್ ಎದ್ದಾಳು? ಬದುಕಿದ್ದಾಗ ಇವ್ಳನ್ನ ಪಕ್ದಲ್ಲಿ ಕೂರಿಸ್ಕಳ್ದೆ ಒಂದ್ ತುತ್ತು ಉಂಡವ್ಳಾ ಅವ್ಳು?"

ಅಕ್ಕ ಅಗಿಯುವುದನ್ನು ನಿಲ್ಲಿಸಿದಳು. ವಾದದಲ್ಲಿ ಅವಳು ಸೋತದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಸರಿ. ಇವ್ಳೊಬ್ಳೇ. ಒಳಿಕ್ಕೆ ಓದ ತಕ್ಷಣ ಬಾಗ್ಲು ಮುಚ್ಚಬೇಕು. ಇವ್ಳು ಮುಗ್ಸಿ ಈಚೆಗ್ ಬರಗಂಟ ಯಾರೂ ಒಳಿಕ್ಕೆ ಓಗಂಗಿಲ್ಲ."

ಬಾಗಿಲು ಒಂದು ಮೊಳ ತೆರೆಯಿತು. ಮಗಳು ಓರೆಯಾಗಿ ಒಳಗೆ ನುಸುಳಿದಳು. ಅವಳು ಸಂದರ್ಶನಕ್ಕೆಂದು ಇಸ್ತ್ರಿ ಮಾಡಿಟ್ಟ ಬಟ್ಟೆ ಹಾಗೇ ಉಳಿಯಿತು. ಅಡುಗೆ ಮಾಡಿದ ಹಳೆಯ ಚೂಡಿದಾರ, ಅಂಗೈಯಲ್ಲಿ ಅರಿಸಿನ, ಹಾಗೇ ಹೋದಳು. 'ಅಡುಗೆ ಬರಲ್ಲ' ಎಂದು ಬಸ್ಸಿಗೆಲ್ಲ ಹೇಳಿದ್ದೆನಲ್ಲ, ಈ ದಿನದ ಬಸ್ಸಾರು ಅವಳದೇ.

ಆಮೇಲೆ ನಾವು ಕಾದೆವು. ಎಲೆ ಅಡಿಕೆ ಅಗಿಯುವಷ್ಟು ಹೊತ್ತು ಮುಗಿಯಿತು. ಅಕ್ಕ ಇನ್ನೊಂದು ಹಾಕಿಕೊಂಡಳು. ಹೊಟ್ಟೆ ಚುರುಗುಟ್ಟಿತು. ಬೀದಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯಾಕೆ ನಿಂತು ನೋಡಿದಳು.

"ಇನ್ನೂ ಬಾಗ್ಲು ತಗುದಿಲ್ವಾ? ಇಷ್ಟೊತ್ತು ಉಣ್ತಾರಾ ಯಾರಾನ?"

"ನಮ್ಮೋಳು ನಿಧಾನ್ಕೆ ಉಣ್ತಾಳೆ. ನಿಂಗೇನಾಯ್ತು, ಓಗು" ಎಂದಳು ಅಕ್ಕ.

ಒಳಗಿನಿಂದ ಇಂಗ್ಲಿಷ್ ಕೇಳಿಸುತ್ತಿತ್ತು. ನನಗೆ ಬಿಡಿಬಿಡಿಯಾಗಿ ಕೆಲವು ಮಾತು ತಿಳಿಯಿತು. ಎಗ್ ಎಂದಳು. ಚಿಲ್ಡ್ರನ್ ಎಂದಳು. ಆಮೇಲೆ ಮೈ ಮದರ್ ಎಂದಳು. ನಾನು ಜಗಲಿಯ ಮೇಲೆ ಕುಳಿತುಬಿಟ್ಟೆ. ಮತ್ತೆ ಸ್ವಲ್ಪ ಹೊತ್ತಿಗೆ ಅವಳು ನಕ್ಕಳು. ಮೊದಲಿನ ಹಾಗೆ ಜೋರಾಗಿ ನಕ್ಕಳು. ಆ ನಡುಮನೆಯಲ್ಲಿ ವರ್ಷದಿಂದ ಆ ನಗು ಇರಲಿಲ್ಲ. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಅಕ್ಕನ ಬಸ್ಸು ಊರ ಮುಂದೆ ಹಾರ್ನ್ ಹಾಕಿಕೊಂಡು ಹೋಯಿತು. ಅವಳು ತಿರುಗಿಯೂ ನೋಡಲಿಲ್ಲ.

ಕೊನೆಗೆ ಮಗಳು ಬಾಗಿಲು ತೆಗೆದಳು.

"ಏನಾಯ್ತವ್ವಾ?" ಎಂದು ಮೂವರೂ ಒಟ್ಟಿಗೆ ಕೇಳಿದೆವು.

"ಗೊತ್ತಿಲ್ಲ. ಹೊಟ್ಟೆ ಹಸೀತಿದೆ. ಮೊದ್ಲು ಬಡಿಸಿ."

ಆರಿದ ಕೋಳಿ ಸಾರನ್ನು ಉಣ್ಣುತ್ತಾ ಎಲ್ಲ ಹೇಳಿದಳು. ಆ ಕಡೆ ಮೂವರು ಕುಳಿತಿದ್ದರಂತೆ. ನಡುವೆ ಕುಳಿತಿದ್ದ ವಯಸ್ಸಾದ ಹೆಂಗಸು ಮೊದಲು ಕೇಳಿದ್ದೇ, ನಿಮ್ಮ ಹಿಂದೆ ಇರುವುದು ಅಂಗಡಿಯಾ ಎಂದು. ಸೀರೆ, ಬಳೆ, ಬಾಳೆಹಣ್ಣು, ಬಿಸ್ಕತ್ತು ಎಲ್ಲ ಇತ್ತಲ್ಲ. ಇವಳಿಗೆ ಹಬ್ಬದ ಅಲಂಕಾರ ಎಂದುಬಿಡಬಹುದಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲವಂತೆ. ತೀರಿಹೋದ ನನ್ನ ಅಮ್ಮನಿಗೆ ಇವತ್ತು ಊಟ ಇಟ್ಟಿದ್ದೇವೆ, ಈಗ ಅವರು ಊಟ ಮಾಡುವ ಹೊತ್ತು ಎಂದಳು. ಅವರು ಮೂವರೂ ಗಾಬರಿಯಾಗಿ, ಹಾಗಾದರೆ ನಾವು ಅಡ್ಡ ಬಂದೆವು, ಇನ್ನೊಂದು ದಿನ ಇಟ್ಟುಕೊಳ್ಳೋಣವೇ ಎಂದರು.

"ಅದಕ್ಕೆ ನೀನು ಏನಂದೆ?" ಎಂದೆ.

"ಪರವಾಗಿಲ್ಲ, ಅಮ್ಮ ಯಾವಾಗಲೂ ನಿಧಾನವಾಗೇ ಊಟ ಮಾಡೋದು, ನೀವು ಕೇಳಿ ಅಂದೆ. ಅವರಿಗೂ ನಗು ಬಂತು."

ಆಮೇಲೆ ಮೊಟ್ಟೆಯ ಪ್ರಶ್ನೆ ಬಂತು. ಮನೆಗೆ ಹೋದ ಮೊಟ್ಟೆ ಹಂಚಿಹೋಗುತ್ತದೆ ಎಂಬ ಅನುಮಾನ ಮೊದಲು ಬಂದದ್ದು ಹೇಗೆ ಎಂದು ಕೇಳಿದರು. ಅಮ್ಮ ಹೇಳಿದ್ದು ಎಂದಳು. ಅಂಗನವಾಡಿಯಲ್ಲಿ ಅಮ್ಮ ಎದುರಿಗೆ ಕೂರಿಸಿಕೊಂಡು, ಹಾಡು ಹೇಳಿ, ಬೈದು, ಮಗು ಪೂರ್ತಿ ತಿನ್ನುವವರೆಗೂ ಏಳಲು ಬಿಡದೆ ಇದ್ದದ್ದನ್ನೆಲ್ಲ ಹೇಳಿದಳು. ಇದನ್ನೇಕೆ ಅರ್ಜಿಯಲ್ಲಿ ಬರೆಯಲಿಲ್ಲ ಎಂದು ಆ ಹೆಂಗಸು ಕೇಳಿದಳಂತೆ.

"ಅಮ್ಮ ಸತ್ತಿದ್ದನ್ನ ತೋರಿಸಿ ಸೀಟು ಕೇಳೋದು ನನಗೆ ಬೇಕಿರಲಿಲ್ಲ, ಆದರೆ ಅಮ್ಮ ಮಾಡಿದ ಕೆಲಸದ ಬಗ್ಗೆ ಕೇಳಿದರೆ ದಿನವೆಲ್ಲ ಹೇಳ್ತೀನಿ ಅಂದೆ."

"ಪೂರಾ ಕೇಳಿದ್ರಾ?" ಎಂದಳು ಅಕ್ಕ.

"ಕೇಳಿದ್ರು ಅತ್ತೆ. ಕೊನೆಗೆ ಆ ಬಿಸ್ಕತ್ತು ಯಾಕೆ ಅಂತಲೂ ಕೇಳಿದ್ರು. ಅದನ್ನ ಹೇಳೋಕೆ ಹೋಗಿ ನನಗೇ ನಗು ಬಂದುಬಿಡ್ತು."

ಆ ಮಧ್ಯಾಹ್ನ ನಾನೂ ಮಾತನಾಡಿದೆ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ನಮ್ಮ ಬಸ್ಸಿನಲ್ಲೇ ಮಂಡ್ಯಕ್ಕೆ ಕರೆದುಕೊಂಡು ಹೋಗಿ ಹೋಟೆಲಿನಲ್ಲಿ ಊಟ ಕೊಡಿಸಿದ್ದೆ. ನಾನು ತಿಂದು ಕೈ ತೊಳೆದು ಬಂದರೂ ಅವಳು ಇನ್ನೂ ಅನ್ನಕ್ಕೆ ಸಾರು ಕಲಸುತ್ತಿದ್ದಳು. ಡ್ರೈವರ್ ಹಾರ್ನ್ ಹಾಕಿದ, ಹಾಕಿದ, ಕೊನೆಗೆ ಪ್ಯಾಸೆಂಜರ್‌ಗಳೇ ಹೋಟೆಲಿಗೆ ಬಂದು ಬಾಗಿಲಲ್ಲಿ ನಿಂತರು. ಅವಳು ತಲೆ ಎತ್ತಿ, "ನೀವೂ ಊಟ ಮಾಡ್ತೀರಾ?" ಎಂದು ಕೇಳಿದ್ದಳು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅತ್ತೆ ನಕ್ಕು ನಕ್ಕು ಕೆಮ್ಮಿದರು. ಅಕ್ಕ, "ಇವ್ನಿಗೆ ಮಾತು ಬತ್ತದೆ ಅಂತ ಇವತ್ತೇ ಗೊತ್ತಾಗಿದ್ದು" ಎಂದಳು. ಸಂಜೆ ಅವಳನ್ನು ನಾನೇ ಮಳವಳ್ಳಿ ಬಸ್ಸಿಗೆ ಹತ್ತಿಸಿದೆ. ಅವಳ ಮನೆಯ ಹಿರಿಯರು ಅವತ್ತು ತಡವಾಗಿ ಊಟ ಮಾಡಿದರು.

ನಂತರದ ದಿನಗಳು ಕಷ್ಟದವು. ಮಗಳು ದಿನಕ್ಕೆ ಎಷ್ಟೋ ಸಲ ಮೇಲ್ ನೋಡುತ್ತಿದ್ದಳು. ಅಕ್ಕ ಫೋನ್ ಮಾಡಿ ಗಂಡಿನ ಕಡೆಯವರು ಕೇಳುತ್ತಿದ್ದಾರೆ ಎಂದಳು. ಕೇಳಲಿ, ಇನ್ನೂ ಮಾತು ಮುಗಿದಿಲ್ಲ ಎಂದೆ. ದೀಪಾವಳಿ ಕಳೆಯಿತು. ಸರ್ವೆಯ ಕೊನೆಯ ಹಳ್ಳಿಗಳು ಉಳಿದಿದ್ದವು. ನಾನು ಟಿಕೆಟ್ ಹರಿಯುತ್ತಾ, ಸಿಗದಿದ್ದರೆ ಅವಳಿಗೆ ಏನು ಹೇಳಬೇಕು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಇಂಥ ಮಾತು ಅವಳ ಅಮ್ಮನಿಗೆ ಬರುತ್ತಿತ್ತು. ನಾನು ಜೋಡಿಸಿದ್ದು ಒಂದೂ ಚೆನ್ನಾಗಿರಲಿಲ್ಲ.

ಅವತ್ತು ಸಂಜೆ ಮಳವಳ್ಳಿಯಿಂದ ಬರುವಾಗ ಬಸ್ಸು ತುಂಬಿತ್ತು. ಕೆ.ಎಂ. ದೊಡ್ಡಿಯಲ್ಲಿ ಕಾಲೇಜಿನ ಮಕ್ಕಳೂ ಹತ್ತಿದರು. ನಾನು ಹಿಂದಿನ ಬಾಗಿಲಲ್ಲಿ ಸಿಕ್ಕಿಕೊಂಡಿದ್ದೆ. ಮುಂದಿನ ಬಾಗಿಲಲ್ಲಿ ಮಗಳು ಹತ್ತುವುದು ಕಾಣಿಸಿತು. ಸರ್ವೆ ಮುಗಿಸಿ ಬರುತ್ತಿದ್ದಳು. ಅವಳು ಕೈ ಎತ್ತಿ ಫೋನ್ ಆಡಿಸಿದಳು. ಏನೋ ಕೂಗಿದಳು. ಎಂಜಿನ್ ಸದ್ದಿನಲ್ಲಿ ನನಗೆ ಏನೂ ಕೇಳಲಿಲ್ಲ.

ನಮ್ಮ ಬಸ್ಸಿನಲ್ಲಿ ಇಂಥ ಹೊತ್ತಿನಲ್ಲಿ ಟಿಕೆಟ್ಟೂ ಚಿಲ್ಲರೆಯೂ ನಿಂತವರ ಕೈಯಿಂದ ಕೈಗೆ ದಾಟಿಕೊಂಡು ಹೋಗುತ್ತವೆ. ಅವಳು ಮುಂದೆ ನಿಂತಿದ್ದ ಹುಡುಗಿಯ ಕಿವಿಯಲ್ಲಿ ಏನೋ ಹೇಳಿದಳು. ಆ ಹುಡುಗಿ ಪಕ್ಕದವಳಿಗೆ ಹೇಳಿದಳು. ತಲೆಗಳು ಒಂದೊಂದಾಗಿ ಹಿಂದಕ್ಕೆ ತಿರುಗುತ್ತಾ ಬಂದವು.

"ಕಂಡಕ್ಟ್ರುಗೆ ಯೋಳ್ಬೇಕಂತೆ, ಸಿಕ್ತು ಅಂತ."

"ಏನ್ ಸಿಕ್ತಂತೆ?"

"ಗೊತ್ತಿಲ್ಲ ಕಣ್ಲಾ, ಸಿಕ್ತು ಅಂತ ಯೋಳು ಅಂದ್ರು."

"ಪರ್ಸಾ?"

"ಸೀಟ್ ಸಿಕ್ಕಿರ್ಬೇಕು."

"ಈ ರಶ್ಶಲ್ಲಿ ಯಾವನ್ಗ್ಲಾ ಸೀಟ್ ಸಿಗ್ತದೆ?"

ನನ್ನ ಮುಂದೆ ನಿಂತಿದ್ದ ರೈತನೊಬ್ಬ ಕೊನೆಗೆ ಅದನ್ನು ನನಗೆ ಮುಟ್ಟಿಸಿದ. "ಸಿಕ್ತಂತಪ್ಪ" ಎಂದ. ಆಮೇಲೆ ನನ್ನ ಮುಖ ನೋಡಿ, "ಏನಾರ ಕಳ್ಕೊಂಡಿದ್ದಾ?" ಎಂದು ಕೇಳಿದ.

ನಾನು ಮುಂದಿನ ಬಾಗಿಲ ಕಡೆ ನೋಡಿದೆ. ಜನರ ತಲೆಗಳ ನಡುವೆ ಅವಳ ಕೈ ಮಾತ್ರ ಕಾಣುತ್ತಿತ್ತು. ಬಸ್ಸು ನಿಂತೇ ಇತ್ತು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಸೀಟಿಯನ್ನು ಬಾಯಿಗಿಟ್ಟೆ, ಉಸಿರು ಬರಲಿಲ್ಲ. ಇನ್ನೊಮ್ಮೆ ಇಟ್ಟೆ, ಆಗಲೂ ಬರಲಿಲ್ಲ. ಆ ರೈತ ನನ್ನ ಭುಜದ ಮೇಲೆ ಕೈಯಿಟ್ಟು, ಇನ್ನೊಂದು ಕೈಯಲ್ಲಿ ಬಸ್ಸಿನ ತಗಡನ್ನು ಎರಡು ಸಲ ಬಡಿದು, "ರೈಟ್, ರೈಟ್" ಎಂದು ನನ್ನ ಬದಲಿಗೆ ಕೂಗಿದ.